ಹಿಮದ ದಾರಿ, ಚೌಕದ ಕೋಸು

ಯುದ್ಧವೆಂದರೆ ಸೇನಾಪತಿಗಳ ಹೆಸರು ಹೇಳುವುದು ವಾಡಿಕೆ. ಲೆನಿನ್‌ಗ್ರಾಡಿನ, ಅಂದರೆ ಇಂದಿನ ಸೇಂಟ್ ಪೀಟರ್ಸ್‌ಬರ್ಗಿನ ಮುತ್ತಿಗೆಯನ್ನು ನಾನು ಮಾತ್ರ ಋತುಗಳ ಲೆಕ್ಕದಲ್ಲೇ ನೆನೆಯುತ್ತೇನೆ.

1941ರ ಸೆಪ್ಟೆಂಬರ್ 8ರಂದು ಜರ್ಮನ್ ಸೇನೆ ಊರಿನ ನೆಲದ ದಾರಿಗಳನ್ನೆಲ್ಲ ಮುಚ್ಚಿತು. ನವೆಂಬರ್ 20ರಿಂದ ಮನೆಯಲ್ಲಿದ್ದ ಹೆಂಗಸರಿಗೂ ಮಕ್ಕಳಿಗೂ ದಿನಕ್ಕೆ ಸಿಕ್ಕಿದ್ದು 125 ಗ್ರಾಂ ಬ್ರೆಡ್ಡು. ಅದರಲ್ಲೂ ಹತ್ತಿಬೀಜದ ಹಿಂಡಿಯ ಬೆರಕೆ. ಅಷ್ಟರಲ್ಲಿ ಮನೆ ತೂಗಿಸಿದ ತಾಯಂದಿರ ಮುಂದೆ ನಮ್ಮ ತಿಂಗಳ ಕೊನೆಯ ಪರದಾಟ ಯಾವ ಲೆಕ್ಕ?

ಕೊಲ್ಲುತ್ತಿದ್ದ ಚಳಿಯೇ ದಾರಿಯನ್ನೂ ಕೊಟ್ಟಿತು. ಲಡೋಗಾ ಸರೋವರ ಹೆಪ್ಪುಗಟ್ಟಿತು; ನವೆಂಬರ್ 22ರಿಂದ ಲಾರಿಗಳು ಅದರ ಮೇಲೆಯೇ ಹಿಟ್ಟು ತಂದವು. ಡಿಸೆಂಬರ್ 25ರಂದು ಪಡಿತರ ತುಸು ಹೆಚ್ಚಿತು. ಆದರೂ ಆ ಚಳಿಗಾಲದಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು.

ವಸಂತ ಬಂತೆಂದರೆ ಹಿಮ ಕರಗಿ ರೋಗ ಹರಡುವ ಭಯ. 1942ರ ಮಾರ್ಚ್ ಕೊನೆಯಲ್ಲಿ ಸನಿಕೆ ಹಿಡಿದು ಬೀದಿಗಿಳಿದವರಲ್ಲಿ ಹೆಂಗಸರೇ ಹೆಚ್ಚು. ಹೊಲಸನ್ನೂ ಹೆಣಗಳನ್ನೂ ತೆಗೆದರು. ಏಪ್ರಿಲ್ 15ರಂದು ಟ್ರಾಮ್ ಮತ್ತೆ ಜನರನ್ನು ಹೊತ್ತು ಓಡಿತು. ಬೇಸಿಗೆಯಲ್ಲಿ ಸೇಂಟ್ ಐಸಾಕ್ ಚರ್ಚಿನ ಮುಂದಿನ ಚೌಕದಲ್ಲಿ ಕೋಸು ಬೆಳೆಯಿತು.

ಮುತ್ತಿಗೆ ಪೂರ್ತಿ ತೆರವಾದದ್ದು 1944ರ ಜನವರಿ 27ರಂದು. ಅಲ್ಲಿಯವರೆಗೆ ಊರನ್ನು ಉಳಿಸಿದ್ದರಲ್ಲಿ ಬಂದೂಕಿನ ಪಾಲೆಷ್ಟೋ, ಋತುವಿಗೆ ತಕ್ಕ ಕೆಲಸ ಕಂಡುಕೊಂಡ ಈ ಕೈಗಳ ಪಾಲೂ ಅಷ್ಟೇ ಎಂದು ನನಗನ್ನಿಸುತ್ತದೆ.