ಬೆಸಾಲ್ಟಿನಲ್ಲಿ ಉಳಿದ ಅಕ್ಷಾಂಶ: ದಖ್ಖನ್ ಶಿಲೆಗಳ ಕಾಂತತೆ ಮತ್ತು ಭಾರತದ ಉತ್ತರಾಭಿಮುಖ ಪಯಣ

ಭೂಖಂಡಗಳು ಅಲೆಯುತ್ತವೆ ಎಂದು ಆಲ್ಫ್ರೆಡ್ ವೆಗೆನರ್ 1912ರಲ್ಲಿ ವಾದ ಮಂಡಿಸಿದಾಗ ಅವರ ಕೈಯಲ್ಲಿದ್ದ ಸಾಕ್ಷ್ಯಗಳು ಕರಾವಳಿಗಳ ಹೊಂದಿಕೆ, ಪಳೆಯುಳಿಕೆ, ಹಳೆಯ ಹಿಮನದಿಗಳ ಗುರುತು. ಇವೆಲ್ಲ ಹೋಲಿಕೆಯ ಸಾಕ್ಷ್ಯಗಳು. ಒಂದು ಖಂಡ ಇಂತಿಷ್ಟು ಡಿಗ್ರಿ ಸರಿದಿದೆ ಎಂದು ಅಳೆದು ತೋರಿಸುವ ದಾರಿ ಸುಮಾರು ನಾಲ್ಕು ದಶಕ ಯಾರಿಗೂ ಸಿಗಲಿಲ್ಲ. ಅದು ಸಿಕ್ಕಿದ್ದು 1950ರ ದಶಕದಲ್ಲಿ, ಅಗ್ನಿಶಿಲೆಗಳ ಕಾಂತತೆಯಲ್ಲಿ. ಈ ಚರಿತ್ರೆಯನ್ನು ಬರೆದವರು ಬ್ರಿಟನ್ ಮತ್ತು ಉತ್ತರ ಅಮೆರಿಕದ ಧ್ರುವಪಥಗಳಿಗೆ, ಅಂದರೆ ಬೇರೆಬೇರೆ ಕಾಲದ ಕಲ್ಲುಗಳು ತೋರುವ ಕಾಂತಧ್ರುವದ ಜಾಡುಗಳಿಗೆ, ಆಮೇಲೆ ಸಾಗರತಳದ ಕಾಂತೀಯ ಪಟ್ಟಿಗಳಿಗೆ ಹೆಚ್ಚು ಪುಟ ಕೊಟ್ಟಿದ್ದಾರೆ. ಖಂಡಗಳ ಅಲೆತವನ್ನು ನೇರವಾಗಿ ಒರೆಗೆ ಹಚ್ಚಿದ ಕಲ್ಲು ದಖ್ಖನ್ ಬೆಸಾಲ್ಟ್ ಎಂಬುದು ಈ ಲೇಖನದ ವಾದ.

ಲಾವಾದಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಸಣ್ಣ ಹರಳುಗಳಿರುತ್ತವೆ. ಶುದ್ಧ ಮ್ಯಾಗ್ನೆಟೈಟ್ ಸುಮಾರು 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಕ್ಕೆ ತಣಿಯುವಾಗ ಆ ಹೊತ್ತಿನ ಭೂಕಾಂತ ಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ. ಈ ದಿಕ್ಕು ಕೋಟ್ಯಂತರ ವರ್ಷ ಹೇಗೆ ಉಳಿಯಬಲ್ಲದು ಎಂಬುದಕ್ಕೆ ಫ್ರಾನ್ಸಿನ ಲೂಯಿ ನೇಲ್ 1949ರಲ್ಲಿ ಭೌತಶಾಸ್ತ್ರದ ವಿವರಣೆ ಕೊಟ್ಟರು. ದಿಕ್ಕಿಗೆ ಎರಡು ಅಂಗಗಳು: ಉತ್ತರದಿಂದ ಎಷ್ಟು ವಾಲಿದೆ ಎಂಬ ದಿಕ್ಪಾತ, ಸಮತಲದಿಂದ ಎಷ್ಟು ಬಾಗಿದೆ ಎಂಬ ನತಿ. ನತಿಯೇ ಇಲ್ಲಿ ಮುಖ್ಯ. ಸಮಭಾಜಕದ ಮೇಲೆ ಅದು ಸೊನ್ನೆ, ಧ್ರುವದಲ್ಲಿ 90 ಡಿಗ್ರಿ. ನಡುವೆ ನತಿಯ ಟ್ಯಾಂಜೆಂಟ್ ಅಕ್ಷಾಂಶದ ಟ್ಯಾಂಜೆಂಟ್‌ನ ಎರಡರಷ್ಟು. ಹಾಗಾಗಿ ಕಲ್ಲಿನ ನತಿ ತಿಳಿದರೆ ಅದು ಹುಟ್ಟಿದ ಅಕ್ಷಾಂಶ ತಿಳಿದಂತೆ. ಒಂದು ಷರತ್ತಿದೆ. ಕಲ್ಲನ್ನು ಬಂಡೆಯಿಂದ ಕೀಳುವ ಮೊದಲೇ ಅದರ ಮೇಲೆ ಉತ್ತರ ದಿಕ್ಕನ್ನೂ ಸಮತಲವನ್ನೂ ಗುರುತು ಮಾಡಬೇಕು. ವಿಜಯಪುರದ ಗೋಳಗುಮ್ಮಟದ ಕಪ್ಪು ಕಲ್ಲು ಇದೇ ದಖ್ಖನ್ ಬೆಸಾಲ್ಟ್ ಆದರೂ ಈ ಅಧ್ಯಯನಕ್ಕೆ ಒದಗುವುದಿಲ್ಲ. ಅದು ಗಣಿಯಲ್ಲಿ ಯಾವ ಮುಖವಾಗಿ ಮಲಗಿತ್ತೋ ಹೇಳುವವರಿಲ್ಲ.

ಈ ವಿದ್ಯೆಗೆ ಪೂರ್ವಸೂರಿಗಳಿದ್ದರು. 1906ರಲ್ಲಿ ಬರ್ನಾರ್ ಬ್ರೂನ್ ಫ್ರಾನ್ಸಿನ ಓವೆರ್ನ್ ಪ್ರಾಂತದಲ್ಲಿ, ಇಂದಿನ ಕ್ಷೇತ್ರಕ್ಕೆ ತಿರುಗುಮುರುಗಾಗಿ ಕಾಂತಗೊಂಡ ಲಾವಾವನ್ನೂ ಅದರ ಕೆಳಗೆ ಬೆಂದ ಜೇಡಿಮಣ್ಣನ್ನೂ ವರ್ಣಿಸಿದರು. 1929ರಲ್ಲಿ ಜಪಾನಿನ ಮೊಟೊನೊರಿ ಮತುಯಾಮ ಇಂಥವೇ ಉದಾಹರಣೆಗಳನ್ನು ಕಾಲಕ್ರಮಕ್ಕೆ ಹೊಂದಿಸಿದರು. ಆದರೆ ಕ್ಷೀಣ ಕಾಂತತೆಯನ್ನು ಚುರುಕಾಗಿ ಅಳೆಯುವ ಉಪಕರಣ ಬಂದದ್ದು ಬೇರೆಯೇ ಒಂದು ಕೆಲಸದ ಸೋಲಿನಿಂದ. ತಿರುಗುವ ಪ್ರತಿಯೊಂದು ಭಾರಿ ಕಾಯವೂ ತಿರುಗುವ ಕಾರಣಕ್ಕೇ ಕಾಂತಕ್ಷೇತ್ರ ಹುಟ್ಟಿಸುತ್ತದೆಯೇ ಎಂದು ನೋಡಲು ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಅತಿಸೂಕ್ಷ್ಮ ಮ್ಯಾಗ್ನೆಟೋಮೀಟರ್ ಒಂದನ್ನು ಕಟ್ಟಿದರು. ಪರೀಕ್ಷೆಗೆ 15 ಕಿಲೋ ಮೀರಿದ ಚಿನ್ನದ ಉರುಳೆಯನ್ನು ಎರವಲು ತಂದರು. 1952ರಲ್ಲಿ ಪ್ರಕಟವಾದ ಉತ್ತರ: ಅಂಥ ಕ್ಷೇತ್ರ ಇಲ್ಲ. ಚಿನ್ನ ಹಿಂದಿರುಗಿತು, ಉಪಕರಣ ಕಲ್ಲುಗಳ ಕಡೆಗೆ ತಿರುಗಿತು.

ಭಾರತವನ್ನು ಪರೀಕ್ಷೆಯ ನೆಲವಾಗಿ ಆರಿಸಿದವರು ಕೇಂಬ್ರಿಡ್ಜಿನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಎಡ್ವರ್ಡ್ ಇರ್ವಿಂಗ್. ಈ ಆಯ್ಕೆಯಲ್ಲೇ ಅವರ ಜಾಣತನವಿದೆ. ಕಲ್ಲಿನ ಕಾಂತತೆ ಅಕ್ಷಾಂಶವನ್ನು ಹೇಳುತ್ತದೆ, ರೇಖಾಂಶದ ಬಗ್ಗೆ ಏನೂ ಹೇಳುವುದಿಲ್ಲ. ಯುರೋಪ್ ಮತ್ತು ಅಮೆರಿಕ ಬಹುಪಾಲು ಪೂರ್ವ-ಪಶ್ಚಿಮವಾಗಿ ದೂರವಾದವು. ಅಲ್ಲಿ ಎರಡು ಧ್ರುವಪಥಗಳನ್ನು ಪಕ್ಕಪಕ್ಕ ಇಟ್ಟು ಸುತ್ತುಬಳಸಿ ವಾದಿಸಬೇಕು. ವೆಗೆನರ್ ಹೇಳಿದ್ದು ನಿಜವಾದರೆ ಭಾರತ ದಕ್ಷಿಣ ಗೋಳಾರ್ಧದಿಂದ ಉತ್ತರಕ್ಕೆ ಬಂದಿರಬೇಕು, ಅಂದರೆ ಒಂದೇ ಖಂಡದ ಕಲ್ಲಿನಲ್ಲಿ ವ್ಯತ್ಯಾಸ ನೇರವಾಗಿ ಕಾಣಬೇಕು. ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಷರ್ ಅವರ ಬೆಂಬಲದಿಂದ ದಿಕ್ಕು ಗುರುತಿಸಿದ ದಖ್ಖನ್ ಮಾದರಿಗಳು ಇರ್ವಿಂಗ್ ಕೈಗೆ ಬಂದವು. ಗೋಳದ ಮೇಲೆ ಚದುರಿದ ದಿಕ್ಕುಗಳ ಸರಾಸರಿ ತೆಗೆಯುವ ಗಣಿತವನ್ನು ಫಿಷರ್ 1953ರಲ್ಲಿ ಪ್ರಕಟಿಸಿದರು. ಇಂದಿಗೂ ಈ ಕ್ಷೇತ್ರದ ಲೆಕ್ಕ ನಡೆಯುವುದು ಅದರಲ್ಲೇ. ಇಷ್ಟೆಲ್ಲ ಆದರೂ ಇರ್ವಿಂಗ್ ಬರೆದ ಮಹಾಪ್ರಬಂಧಕ್ಕೆ ಕೇಂಬ್ರಿಡ್ಜ್ ಪಿಎಚ್‌ಡಿ ಕೊಡಲಿಲ್ಲ. ಅವರು ಆಸ್ಟ್ರೇಲಿಯಾಕ್ಕೆ ಹೋದರು, ಕೆಲಸ ಮುಂದುವರಿಸಿದರು. ಅದೇ ವಿಶ್ವವಿದ್ಯಾಲಯ 1965ರಲ್ಲಿ ಅವರಿಗೆ ತನ್ನ ಉನ್ನತ ಎಸ್‌ಸಿ.ಡಿ. ಪದವಿ ನೀಡಿತು.

ವಿಸ್ತಾರವಾದ ಅಳತೆ ಮಾಡಿದವರು ಬೇರೆಯವರು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಬ್ಲ್ಯಾಕೆಟ್ ಗುಂಪಿನಿಂದ ಕ್ಲೆಗ್, ಡಾಯ್ಚ್, ಗ್ರಿಫಿತ್ಸ್ 1956ರಲ್ಲಿ ಭಾರತದ ಶಿಲಾಕಾಂತತೆಯ ಕುರಿತ ಪ್ರಬಂಧ ಪ್ರಕಟಿಸಿದರು. 1959ರ ದಖ್ಖನ್ ಪ್ರಬಂಧದಲ್ಲಿ ಡಾಯ್ಚ್ ಜೊತೆಗಿದ್ದ ಹೆಸರುಗಳು ಸಿ. ರಾಧಾಕೃಷ್ಣಮೂರ್ತಿ ಮತ್ತು ಪಿ. ಡಬ್ಲ್ಯು. ಸಹಸ್ರಬುದ್ಧೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಈ ಇಬ್ಬರ ಪಾಲು ಜನಪ್ರಿಯ ಕಥನಗಳಲ್ಲಿ ಅಡಿಟಿಪ್ಪಣಿಗೂ ಬರುವುದು ವಿರಳ. ಇದು ಅನ್ಯಾಯವೆಂದೇ ಹೇಳಬೇಕು.

ಅವರು ಕಂಡದ್ದೇನು? ಪಶ್ಚಿಮ ಘಟ್ಟದ ಕೆಳಸ್ತರದ ಲಾವಾಗಳಲ್ಲಿ ಕಾಂತತೆ ಆಗ್ನೇಯದತ್ತ ತಿರುಗಿ ಸುಮಾರು 45ರಿಂದ 50 ಡಿಗ್ರಿ ಕೆಳಕ್ಕೆ ಬಾಗಿತ್ತು. ಮೇಲ್ಸ್ತರದಲ್ಲಿ ಅದಕ್ಕೆ ಸರಿಯಾಗಿ ವಿರುದ್ಧವಾಗಿ ವಾಯವ್ಯದತ್ತ ತಿರುಗಿ ಮೇಲಕ್ಕೆ ಬಾಗಿತ್ತು. ಕೆಳಸ್ತರ ಮಾತ್ರ ಸಿಕ್ಕಿದ್ದರೆ ಭಾರತ ಉತ್ತರ ಗೋಳಾರ್ಧದಲ್ಲೇ ಇದ್ದು ಅರ್ಧ ಸುತ್ತಿನಷ್ಟು ತಿರುಗಿತೆಂದು ಯಾರಾದರೂ ವಾದಿಸಬಹುದಿತ್ತು. ಮೇಲ್ಸ್ತರ ಆ ವಾದವನ್ನು ಅನಗತ್ಯ ಮಾಡಿತು: ಲಾವಾ ಹರಿಯುತ್ತಿದ್ದಾಗಲೇ ಭೂಕಾಂತ ಕ್ಷೇತ್ರ ತಲೆಕೆಳಗಾಗಿತ್ತು, ಭಾರತ ದಕ್ಷಿಣದಲ್ಲಿತ್ತು, ಅಲ್ಲಿಂದೀಚೆಗೆ ಅಪ್ರದಕ್ಷಿಣವಾಗಿ ಸುಮಾರು 30 ಡಿಗ್ರಿ ತಿರುಗಿದೆ. ನತಿಯನ್ನು 48 ಡಿಗ್ರಿ ಎಂದು ಹಿಡಿದರೆ ಅಕ್ಷಾಂಶ ದಕ್ಷಿಣಕ್ಕೆ ಸುಮಾರು 29 ಡಿಗ್ರಿ. ಮಹಾಬಲೇಶ್ವರ ಇಂದು ಉತ್ತರಕ್ಕೆ 18 ಡಿಗ್ರಿಯಲ್ಲಿದೆ. ಅಂತರ 47 ಡಿಗ್ರಿ, ಅಂದರೆ 5,200 ಕಿಲೋಮೀಟರ್. ಲಾವಾದ ವಯಸ್ಸು 6.6 ಕೋಟಿ ವರ್ಷ ಎಂಬುದು ಈಗ ಖಚಿತ. ಸರಾಸರಿ ವೇಗ ವರ್ಷಕ್ಕೆ ಸುಮಾರು 8 ಸೆಂಟಿಮೀಟರ್ ಆಗುತ್ತದೆ. ಏಷ್ಯಾಕ್ಕೆ ಡಿಕ್ಕಿ ಹೊಡೆಯುವ ಮೊದಲು ಇದಕ್ಕಿಂತ ಬಹಳ ವೇಗ, ಆಮೇಲೆ ನಿಧಾನ.

ಕಾಂತತೆಯ ಮಾತು ವಯಸ್ಸಿನ ಮಾತಿಗಿಂತ ಹೆಚ್ಚು ನಂಬಲರ್ಹವಲ್ಲ ಎಂಬುದಕ್ಕೆ ಕರ್ನಾಟಕದ್ದೇ ನಿದರ್ಶನವಿದೆ. ಬೆಂಗಳೂರಿನ ದಕ್ಷಿಣಕ್ಕಿರುವ ಹಾರೋಹಳ್ಳಿಯ ಕ್ಷಾರೀಯ ಡೈಕ್‌ಗಳಿಗೆ, ಅಂದರೆ ಹಳೆಯ ಬಂಡೆಯನ್ನು ಸೀಳಿ ನಿಂತ ಅಗ್ನಿಶಿಲೆಯ ಗೋಡೆಗಳಿಗೆ, ಸುಮಾರು 82 ಕೋಟಿ ವರ್ಷ ವಯಸ್ಸೆಂದು ಬಹುಕಾಲ ನಂಬಲಾಗಿತ್ತು. ಅದನ್ನೇ ನೆಚ್ಚಿ ಪುರಾತನ ಮಹಾಖಂಡದ ನಕ್ಷೆಗಳಲ್ಲಿ ಭಾರತಕ್ಕೆ ಜಾಗ ಗೊತ್ತುಪಡಿಸಿದರು. 2008ರಲ್ಲಿ ಜಿರ್ಕಾನ್ ಹರಳುಗಳ ಯುರೇನಿಯಂ-ಸೀಸ ಅಳತೆ 119 ಕೋಟಿ ವರ್ಷ ಎಂದಿತು. ದಿಕ್ಕು ಅದೇ, ಅಳತೆಯೂ ಸರಿ. ವಯಸ್ಸು 37 ಕೋಟಿ ವರ್ಷ ಹಿಂದಕ್ಕೆ ಹೋದ ಕೂಡಲೇ ಆ ನಕ್ಷೆಗಳು ಆಧಾರ ಕಳೆದುಕೊಂಡವು. ಬೆಂಗಳೂರು ಸುತ್ತಲಿನ ಪೂರ್ವ-ಪಶ್ಚಿಮ ಡೈಕ್‌ಗಳ ಸ್ಥಿತಿ ಇದಕ್ಕಿಂತ ವಾಸಿ. ಅವುಗಳ ವಯಸ್ಸು ಬ್ಯಾಡೆಲೆಯೈಟ್ ಹರಳುಗಳಿಂದ ಸುಮಾರು 237 ಕೋಟಿ ವರ್ಷ ಎಂದು ಸ್ಥಿರವಾಗಿದೆ, ಅವುಗಳ ಕಡಿದಾದ ನತಿ ಆಗ ಈ ನೆಲ ಧ್ರುವದ ಸಮೀಪವಿತ್ತೆಂದು ಹೇಳುತ್ತದೆ. ಯಾವ ಧ್ರುವ ಎಂದು ಕೇಳಿದರೆ ಕಲ್ಲು ಉತ್ತರಿಸದು.

ಕನಕಪುರ, ಚಾಮರಾಜನಗರದ ಕಡೆ ಕರಿಕಲ್ಲು ಎಂದು ಕಡಿದು ಮಾರುವುದು ಇಂಥ ಡೈಕ್‌ಗಳನ್ನೇ. ಬಂಡೆ ಒಮ್ಮೆ ಮಗುಚಿದರೆ ಅದರೊಳಗಿನ ದಿಕ್ಕು ಸಂಶೋಧನೆಗೆ ನಷ್ಟ. ಆದ್ದರಿಂದ ಹೊಸ ಗುತ್ತಿಗೆ ಕೊಡುವಾಗ ಪ್ರತಿ ಡೈಕ್‌ನಿಂದ ದಿಕ್ಕು ಗುರುತಿಸಿದ ಕೆಲವು ಮಾದರಿಗಳನ್ನು ಮೊದಲೇ ತೆಗೆದಿರಿಸುವುದನ್ನು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ ಕಡ್ಡಾಯ ಮಾಡಬೇಕು. ಅವುಗಳನ್ನು ಕಾಯ್ದಿಡುವ ಹೊಣೆಯನ್ನು ನಮ್ಮ ವಿಶ್ವವಿದ್ಯಾಲಯಗಳ ಭೂವಿಜ್ಞಾನ ವಿಭಾಗಗಳು ಹೊರಬೇಕು.