ಕಾನಿನ ಒಡೆತನವೂ ಅಪ್ಪಿಕೊ ಚಳುವಳಿಯೂ

ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಸ್ತ್ರೀಪುರುಷರು 1983ನೆಯ ಇಸವಿ ಸೆಪ್ಟೆಂಬರ್ 8ರಂದು ಸಮೀಪದ ಕಳಾಸೆಯ ಕಾಡಿಗೆ ನಡೆದುಹೋಗಿ, ಕಡಿಯಲುದ್ಯುಕ್ತರಾಗಿದ್ದವರ ಕೊಡಲಿಗೆ ಅಡ್ಡವಾಗಿ ಮರಗಳನ್ನು ತಬ್ಬಿ ನಿಂತ ವೃತ್ತಾಂತವು ವಾಚಕರಿಗೆ ವಿದಿತವೇ ಆಗಿದೆ. ಇದು ಹಿಮಾಲಯಪ್ರಾಂತದಲ್ಲಿ 1973ರಲ್ಲಿ ಹುಟ್ಟಿದ ಚಿಪ್ಕೊ ಚಳುವಳಿಯ ಅನುಕರಣವೆಂದು ಹಲವರು ಬರೆದಿರುವರು. ಸುಂದರಲಾಲ ಬಹುಗುಣರು ಬಂದು ಊರವರಿಂದ ಪ್ರತಿಜ್ಞೆ ಮಾಡಿಸಿದ್ದು ನಿಜವೇ. ಆದರೆ ಬೀಜವನ್ನು ತಂದವರ ಹೆಸರನ್ನು ಹೇಳಿದಮಾತ್ರಕ್ಕೆ ನೆಲದ ಗುಣವನ್ನು ಹೇಳಿದಂತಾಗದು. ಕಾಡು ಯಾರದೆಂಬ ವ್ಯಾಜ್ಯವು ಆ ಸೀಮೆಯಲ್ಲಿ ಬಹು ಹಳೆಯದು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕನ್ನಡ ಜಿಲ್ಲೆಯು ಇಂಗ್ಲಿಷ್ ಕಂಪೆನಿಯ ವಶವಾಯಿತು. 1801ರಲ್ಲಿ ಅಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಒಂದು ಸ್ವಾರಸ್ಯವಾದ ಸಂಗತಿಯನ್ನು ಬರೆದಿಟ್ಟಿರುವನು. ಕಾಡುಗಳು ಆಯಾ ಗ್ರಾಮದೇವತೆಗಳ ಸೊತ್ತು. ಪೂಜಾರಿಯೂ ಆದ ಗೌಡನ ಮುಖಾಂತರ ದೇವರ ಅಪ್ಪಣೆಯನ್ನು ಬೇಡದೆ ಮರವನ್ನು ಕಡಿಯಲಾಗದು. ಅಪ್ಪಣೆಗೆ ದೇವರು ಏನನ್ನೂ ಪಡೆಯನು. ಕೇಳದೆ ಕಡಿದವನನ್ನು ಮಾತ್ರ ದಂಡಿಸುವನು. ಇದು ಸರ್ಕಾರವು ಕಾಡಿನ ಮೇಲೆ ಹಕ್ಕು ಹೇಳದಂತೆ ಜನರು ಹೂಡಿದ ಉಪಾಯವೆಂದು ಬುಕಾನನನ ತೀರ್ಮಾನ. ಕಾಣಿಕೆಯೇ ಇಲ್ಲದ ನಿಯಮದಲ್ಲಿ ವಂಚನೆಯನ್ನು ಕಂಡ ಈ ತರ್ಕವು ನಮಗೆ ಒಪ್ಪಿಗೆಯಾಗದು. ಆದರೂ ಊರದೇವರಿಗೂ ಸರ್ಕಾರಕ್ಕೂ ಮುಂದೆ ಕಲಹ ಬರಲಿರುವುದನ್ನು ಆತನು ಸರಿಯಾಗಿ ಗ್ರಹಿಸಿದನೆನ್ನಬೇಕು.

ಇಂತಹ ದೇವರ ಕಾಡುಗಳಿಗೆ ಮಲೆನಾಡಿನಲ್ಲಿ ‘ಕಾನು’ ಎಂದು ಹೆಸರು. ಇದು ಸಂಸ್ಕೃತದ ಕಾನನಶಬ್ದದ ತದ್ಭವವೆಂದು ಪಾಠಶಾಲೆಯಲ್ಲಿ ನಮಗೆ ಕಲಿಸಿದ್ದರು. ತಮಿಳಿನಲ್ಲಿಯೂ ‘ಕಾನ್’ ಎಂಬ ಪದವಿರುವುದನ್ನು ನೋಡಿದರೆ ಸಂಸ್ಕೃತವೇ ದ್ರಾವಿಡದಿಂದ ಸಾಲ ತಂದಿರಬಹುದೆಂದು ಈಗ ತೋರುತ್ತದೆ. ನಿತ್ಯಹರಿದ್ವರ್ಣದ ಈ ಕಾನುಗಳಲ್ಲಿ ಮೆಣಸಿನ ಬಳ್ಳಿ ಹಬ್ಬುತ್ತಿತ್ತು. ಬುಡದಲ್ಲಿ ಒರತೆ ಹುಟ್ಟಿ ಅಡಕೆಯ ತೋಟಕ್ಕೆ ಹರಿಯುತ್ತಿತ್ತು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ನೆರೆಯ ಸೊರಬ ತಾಲ್ಲೂಕೊಂದರಲ್ಲಿಯೇ 171 ಕಾನುಗಳನ್ನು ಎಣಿಸಿದರು.

1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿತು. 1878ರಲ್ಲಿ ಅರಣ್ಯದ ಕಾನೂನು ಬಂದಿತು. ಮರುವರ್ಷವೇ ಭಾಸ್ಕರಪ್ಪನೆಂಬ ವರ್ಗದಾರನು ಕಲೆಕ್ಟರನ ಮೇಲೆ ಹೂಡಿದ್ದ ದಾವೆಯಲ್ಲಿ ಮುಂಬಯಿಯ ಹೈಕೋರ್ಟು ಕಾಡು ಸರ್ಕಾರದ್ದೆಂದು ತೀರ್ಪಿತ್ತಿತು. ತೋಟಿಗರಿಗೆ ಉಳಿದದ್ದು ಸೊಪ್ಪಿನಬೆಟ್ಟ: ಘಟ್ಟದ ಮೇಲೆ ತೋಟದ ಎಕರೆಗೆ 9 ಎಕರೆ, ಕೆಳಗೆ 4 ಎಕರೆ. ಅದೂ ಹಕ್ಕೆಂದಲ್ಲ, ಸರ್ಕಾರದ ಕೃಪೆಯಿಂದ ದೊರೆತ ಸವಲತ್ತೆಂದು. 1930ರ ಅರಣ್ಯಸತ್ಯಾಗ್ರಹದಲ್ಲಿ ಶಿರಸಿ ಸಿದ್ದಾಪುರಗಳ ಜನರು ಕಾನೂನನ್ನು ಮುರಿದು ಸೆರೆಮನೆಗೆ ಹೋದುದರ ಮೂಲವನ್ನು ಇಲ್ಲಿಯೇ ಹುಡುಕತಕ್ಕದ್ದು.

ಸ್ವಾತಂತ್ರ್ಯ ಬಂದಿತು, ಒಡೆತನವು ಬದಲಾಗಲಿಲ್ಲ. ದಾಂಡೇಲಿಯ ಕಾಗದದ ಮತ್ತು ಪದರಹಲಗೆಯ ಕಾರ್ಖಾನೆಗಳಿಗೆ ಮರ ಹೋಯಿತು. ಸಹಜಾರಣ್ಯವನ್ನು ಕಡಿದು ತೇಗವನ್ನು ನೆಟ್ಟರು. ಬಾಳೆಗದ್ದೆಯ ತರುಣರು ಕಾಡನ್ನು ಉಳಿಸಬೇಕೆಂದು ಅರಣ್ಯಾಧಿಕಾರಿಗಳಿಗೆ ಬರೆದ ವಿಜ್ಞಾಪನೆಯು ನಿಷ್ಫಲವಾದ ಮೇಲೆಯೇ ಬಹುಗುಣರನ್ನು ಕರೆಸಿದ್ದು, ಕಳಾಸೆಗೆ ಹೊರಟದ್ದು. ಅಲ್ಲಿಯ ಪ್ರತಿಭಟನೆಯು 38 ದಿವಸ ನಡೆಯಿತು. ಕಡಿಯುವ ಆಜ್ಞೆಯನ್ನು ಹಿಂದೆಗೆದುಕೊಳ್ಳಲಾಯಿತು. ಬೆಣಗಾಂವ್, ಹುಸರಿ ಮೊದಲಾದೆಡೆಗಳಿಗೆ ಚಳುವಳಿ ಹಬ್ಬಿತು. ಯಕ್ಷಗಾನವೂ ಅದರ ವಾಹನವಾಯಿತು. ‘ಉಳಿಸು, ಬೆಳೆಸು, ಬಳಸು’ ಎಂಬುದು ಅದರ ಘೋಷಣೆ.

ಇದರಲ್ಲಿ ‘ಬಳಸು’ ಎಂಬ ಮೂರನೆಯ ಪದವು ಗಮನಾರ್ಹವಾದುದು. ಹೆಸರಿನಲ್ಲಿಯೂ ಭೇದವುಂಟು: ಹಿಂದಿಯ ‘ಚಿಪ್ಕೊ’ ಎಂದರೆ ಅಂಟಿಕೊಳ್ಳಿರಿ ಎಂದರ್ಥ, ನಮ್ಮ ‘ಅಪ್ಪು’ ಧಾತುವು ಬಂಧುಗಳ ಆಲಿಂಗನಕ್ಕೆ ಸಲ್ಲತಕ್ಕದ್ದು. ಆದರೆ ಬಂಧುತ್ವವನ್ನು ಹೇಳುವಾಗ ಒಂದು ಮಾತನ್ನು ಮುಚ್ಚಿಡಲಾಗದು. ಸವಲತ್ತಿನ ಬೆಟ್ಟಗಳಲ್ಲಿ ಅನೇಕವು ತೋಟಿಗರ ಕತ್ತಿಯಿಂದಲೇ ಬೋಳಾಗಿವೆ. ಸೊಪ್ಪಿಗಾಗಿ ವರ್ಷವರ್ಷವೂ ಕೊಂಬೆ ಸವರಿಸಿಕೊಂಡ ಮರಗಳು ಮೋಟುಗಳಾಗಿ ನಿಂತಿರುವುವು. ಆ ಬೆಟ್ಟಗಳಲ್ಲಿ ಅಪ್ಪಣೆಯನ್ನು ಕೇಳತಕ್ಕ ಗೌಡನೂ ಇಲ್ಲ, ಕೊಡತಕ್ಕ ದೇವರೂ ಇಲ್ಲ.