ಬೆಳಗಾವಿ ಅಧಿವೇಶನವೂ ಕಾಂಗ್ರೆಸ್ಸಿನ ವಿದೇಶಾಂಗ ನೀತಿಯೂ

ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ 39ನೆಯ ಅಧಿವೇಶನ 1924ರ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯ ಟಿಳಕವಾಡಿಯಲ್ಲಿ ನಡೆಯಿತು. ಮಹಾತ್ಮಾ ಗಾಂಧಿ ಅಧ್ಯಕ್ಷತೆ ವಹಿಸಿದ್ದು ಇದೊಂದೇ ಅಧಿವೇಶನಕ್ಕೆ. ಇದರ ಬಗ್ಗೆ ಬರೆದವರೆಲ್ಲ ಬಾವಿ, ಗೋಪುರ, ಚರಕ, ಏಕೀಕರಣ ಎಂದು ವಿವರವಾಗಿ ಬರೆದಿದ್ದಾರೆ. ಹೊರಜಗತ್ತನ್ನು ಕಾಂಗ್ರೆಸ್ ನೋಡುವ ಬಗೆ ಇಲ್ಲಿ ಹೇಗೆ ಬದಲಾಯಿತು ಎಂಬುದು ಮಾತ್ರ ಸಾಮಾನ್ಯವಾಗಿ ಅಡಿಟಿಪ್ಪಣಿಯಲ್ಲೇ ಉಳಿದುಬಿಡುತ್ತದೆ.

ಸ್ವಂತ ರಾಜ್ಯವೇ ಇಲ್ಲದ ಸಂಸ್ಥೆಗೆ ವಿದೇಶಾಂಗ ನೀತಿ ಎಲ್ಲಿಂದ ಬರಬೇಕು ಎಂದು ಕೇಳಬಹುದು. ಆದರೆ 1885ರ ಮುಂಬಯಿ ಅಧಿವೇಶನದಲ್ಲಿ ಸೇರಿದ್ದ 72 ಪ್ರತಿನಿಧಿಗಳೇ ಮೇಲಣ ಬರ್ಮಾವನ್ನು ಬ್ರಿಟಿಷರು ನುಂಗುವುದಕ್ಕೆ ಆಕ್ಷೇಪ ಎತ್ತಿದ್ದರು. ರಾಯಭಾರಿ ಇಲ್ಲ, ಸೈನ್ಯ ಇಲ್ಲ. ಠರಾವು, ಬಹಿಷ್ಕಾರ, ಹೊರದೇಶಕ್ಕೆ ಕಳಿಸುವ ಪ್ರತಿನಿಧಿ, ಇಷ್ಟೇ ಉಪಕರಣ. ಅಧ್ಯಕ್ಷರು ವರ್ಷಕ್ಕೊಬ್ಬರು ಬದಲಾಗುತ್ತಿದ್ದರು. 1920ರ ಹೊಸ ಸಂವಿಧಾನ ಅಧ್ಯಕ್ಷನ ಜೊತೆಗೆ ಒಂದು ಕಾರ್ಯಕಾರಿ ಸಮಿತಿಯನ್ನೂ ಕೊಟ್ಟ ಮೇಲೆ ಆ ಪದವಿಗೆ ಸರ್ಕಾರದ ಮುಖ್ಯಸ್ಥನ ಛಾಯೆ ಬಂತು. ಹಾಗಾಗಿ ಅಧ್ಯಕ್ಷ ಯಾರು ಎಂಬುದರ ಮೇಲೆ ಕಾಂಗ್ರೆಸ್ಸಿನ ಮುಖ ಯಾವ ದಿಕ್ಕಿಗೆ ತಿರುಗುತ್ತದೆ ಎಂಬುದೂ ನಿಂತಿತ್ತು. 1922ರಲ್ಲಿ ಗಯಾದಲ್ಲಿ ಚಿತ್ತರಂಜನ ದಾಸರು ಏಷ್ಯಾದ ಒಕ್ಕೂಟದ ಮಾತೆತ್ತಿದರು. ಮರುವರ್ಷ ಕಾಕಿನಾಡದಲ್ಲಿ ಅಧ್ಯಕ್ಷರಾದ ಮೌಲಾನಾ ಮಹಮ್ಮದ್ ಅಲಿ ಖಿಲಾಫತ್ ಚಳವಳಿಯ ಮುಂದಾಳು.

ಈ ಕಥೆಯಲ್ಲಿ ಬೆಳಗಾವಿಯ ಪ್ರವೇಶ 1924ಕ್ಕಿಂತ ಹಳೆಯದು. ಟಿಳಕವಾಡಿಗೆ ಯಾರ ಹೆಸರಿದೆಯೋ ಆ ಬಾಲಗಂಗಾಧರ ತಿಲಕರು ಹೋಂ ರೂಲ್ ಲೀಗ್ ಕಟ್ಟಿದ್ದು 1916ರ ಏಪ್ರಿಲ್ 28ರಂದು, ಇದೇ ಬೆಳಗಾವಿಯಲ್ಲಿ. ತಿಲಕರಿಗೆ ಹೊರದೇಶದ ಪ್ರಚಾರದಲ್ಲಿ ದೊಡ್ಡ ನಂಬಿಕೆ. ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಜನಾಂಗಗಳ ಸ್ವನಿರ್ಣಯದ ಮಾತಾಡುತ್ತಿದ್ದ ಕಾಲ ಅದು. 1919ರಲ್ಲಿ ಲಂಡನ್ನಿನಲ್ಲಿದ್ದ ತಿಲಕರು ಪ್ಯಾರಿಸ್ ಶಾಂತಿ ಸಮ್ಮೇಳನಕ್ಕೆ ಹೋಗಲು ಅನುಮತಿ ಸಿಗದೆ, ವಿಲ್ಸನ್‌ಗೂ ಫ್ರಾನ್ಸಿನ ಕ್ಲೆಮಾನ್ಸೊಗೂ ಭಾರತದ ಪರವಾಗಿ ಮನವಿ ಬರೆದರು. ಅತ್ತ ನ್ಯೂಯಾರ್ಕಿನಲ್ಲಿ ಲಾಲಾ ಲಜಪತ ರಾಯರು ನಡೆಸುತ್ತಿದ್ದ ಹೋಂ ರೂಲ್ ಲೀಗಿನಲ್ಲಿ ಅವರ ಬಲಗೈಯಾಗಿ ದುಡಿದವರು ನಮ್ಮ ಡಾ. ನಾ. ಸು. ಹರ್ಡೀಕರರು. ವಿಲ್ಸನ್‌ರಿಂದ ಭಾರತಕ್ಕೆ ಏನೂ ದಕ್ಕಲಿಲ್ಲ. 1921ರ ಮಾರ್ಚಿನಲ್ಲಿ ಹಾರ್ಡಿಂಗ್ ಅಮೆರಿಕದ ಅಧ್ಯಕ್ಷರಾದ ಮೇಲೆ ಸ್ವನಿರ್ಣಯದ ಮಾತೂ ನಿಂತುಹೋಯಿತು. ಹರ್ಡೀಕರರು ಊರಿಗೆ ಮರಳಿ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಬೆಳಗಾವಿ ಅಧಿವೇಶನದ ಶಿಸ್ತೆಲ್ಲ ಆ ದಳದ ಸ್ವಯಂಸೇವಕರದು.

ಪರದೇಶದವರ ಮನವೊಲಿಸುವ ಈ ದಾರಿಯೇ ಬೇಡವೆಂದವರು ಗಾಂಧಿ. ಅವರ ಮಾತೇ ನಡೆದ 1920ರ ನಾಗಪುರ ಅಧಿವೇಶನ, ಲಂಡನ್ನಿನಲ್ಲಿದ್ದ ಕಾಂಗ್ರೆಸ್ಸಿನ ಬ್ರಿಟಿಷ್ ಸಮಿತಿಯನ್ನೂ ಅದು ಹೊರಡಿಸುತ್ತಿದ್ದ ‘ಇಂಡಿಯಾ’ ಪತ್ರಿಕೆಯನ್ನೂ ಮುಚ್ಚಿಸಿತು. ಇಷ್ಟಾದರೂ ಅವರ ಅಸಹಕಾರದ ಒಂದು ಕಾಲು ಹೊರದೇಶದ ನೆಲದಲ್ಲೇ ಊರಿತ್ತು: ತುರ್ಕಿಯ ಖಲೀಫನಿಗೆ ನ್ಯಾಯ ಸಿಗಬೇಕೆಂಬುದು ಚಳವಳಿಯ ಮುಖ್ಯ ಬೇಡಿಕೆಗಳಲ್ಲೊಂದು.

1924ರಲ್ಲಿ ಆ ಕಾಲು ಕುಸಿಯಿತು. ಮಾರ್ಚ್ 3ರಂದು ತುರ್ಕಿಯ ಸಂಸತ್ತೇ ಖಲೀಫ ಪದವಿಯನ್ನು ರದ್ದು ಮಾಡಿತು. ಅದೇ ವರ್ಷ ಬ್ರಿಟನ್ನಿನಲ್ಲಿ ಮೊದಲ ಲೇಬರ್ ಸರ್ಕಾರ ಬಂದು, ನವೆಂಬರಿನಲ್ಲಿ ಬಾಲ್ಡ್ವಿನ್‌ರ ಕನ್ಸರ್ವೇಟಿವ್ ಸರ್ಕಾರಕ್ಕೆ ಜಾಗ ಬಿಟ್ಟಿತು. ದಕ್ಷಿಣ ಆಫ್ರಿಕದ ಚುನಾವಣೆಯಲ್ಲಿ ಪ್ರಧಾನಿ ಸ್ಮಟ್ಸ್ ಸೋತು ಹರ್ಟ್‌ಜೋಗ್ ಗೆದ್ದರು. ಭಾರತೀಯರನ್ನು ಪ್ರತ್ಯೇಕ ಕೇರಿಗಳಿಗೆ ತಳ್ಳುವ ಸ್ಮಟ್ಸ್ ಕಾಲದ ಮಸೂದೆ ಚುನಾವಣೆಯ ಗದ್ದಲದಲ್ಲಿ ಬಿದ್ದುಹೋಯಿತು. ನೆಮ್ಮದಿಯಾಯಿತು ಅನ್ನುವಷ್ಟರಲ್ಲಿ, 1925ರಲ್ಲಿ ಹೊಸ ಸರ್ಕಾರ ಅದಕ್ಕಿಂತ ಬಿಗಿಯಾದದ್ದನ್ನು ತಂದಿತು. ಸರ್ಕಾರ ಬದಲಾದರೆ ನೀತಿ ಬದಲಾಗುತ್ತದೆಂಬ ನಂಬಿಕೆ ಎಷ್ಟು ದೂರ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಆ ಕಾಲದಲ್ಲಿ ಸಿಗುವುದಿಲ್ಲ.

ಟಿಳಕವಾಡಿಯ ಬಯಲಲ್ಲಿ ಎದ್ದ ತಾತ್ಕಾಲಿಕ ಊರಿಗೆ ‘ವಿಜಯನಗರ’ ಎಂದು ಹೆಸರಿಟ್ಟರು. ಹೆಬ್ಬಾಗಿಲಿಗೆ ಹಂಪಿಯ ವಿರೂಪಾಕ್ಷ ಗುಡಿಯ ಗೋಪುರವೇ ಮಾದರಿ. ಪ್ರತಿನಿಧಿಗಳು ಇಳಿಯಲು ರೈಲು ನಿಲ್ದಾಣವನ್ನೂ ಹೊಸದಾಗಿ ಹಾಕಿದ್ದರು. ನೀರಿಗಾಗಿ ತೋಡಿದ ಬಾವಿಗೆ ಪಂಪಾ ಸರೋವರವೆಂಬ ಹೆಸರು, ತಗುಲಿದ ವೆಚ್ಚ 4,370 ರೂಪಾಯಿ 3 ಆಣೆ. ಸ್ವಾಗತ ಸಮಿತಿಯ ಅಧ್ಯಕ್ಷ ಗಂಗಾಧರರಾವ್ ದೇಶಪಾಂಡೆಯವರು ಗಾಂಧಿಗೆಂದು ಬಿದಿರು ಮತ್ತು ಖಾದಿಯ ಗುಡಿಸಲು ಕಟ್ಟಿಸಿದ್ದರು. ಅದಕ್ಕೆ 350 ರೂಪಾಯಿ ಆಯಿತೆಂದು ತಿಳಿದು, ಇಷ್ಟು ದುಡ್ಡು ಯಾಕೆ ಸುರಿದಿರಿ ಎಂದು ಅತಿಥಿ ಅಸಮಾಧಾನಪಟ್ಟರು. ಅಧ್ಯಕ್ಷನೇ ಹೀಗೆ ಕಾಸು ಕಾಸಿಗೂ ಲೆಕ್ಕ ಕೇಳುವವನಾದರೆ ನೀತಿಯೂ ಆ ಬಗೆಯದೇ ಆಗುತ್ತದೆ.

ಆಗಿದ್ದೂ ಹಾಗೆಯೇ. ದಾಸ್ ಹಾಗೂ ಮೋತಿಲಾಲ್ ನೆಹರೂ ಜೊತೆ ಕಲ್ಕತ್ತೆಯಲ್ಲಿ ಗಾಂಧಿ ಮಾಡಿಕೊಂಡಿದ್ದ ಒಪ್ಪಂದಕ್ಕೆ ಬೆಳಗಾವಿ ಮುದ್ರೆ ಒತ್ತಿತು. ಅಸಹಕಾರದ ಇಡೀ ಕಾರ್ಯಕ್ರಮ ಬದಿಗೆ ಸರಿದು, ಉಳಿದದ್ದು ವಿದೇಶಿ ಬಟ್ಟೆಯ ಬಹಿಷ್ಕಾರ ಒಂದೇ. ಸದಸ್ಯತ್ವಕ್ಕೆ ನಾಲ್ಕಾಣೆ ಚಂದಾ ಸಾಲದು, ತಿಂಗಳಿಗೆ 2,000 ಗಜ ನೂಲು ಕೊಡಬೇಕು ಎಂದಾಯಿತು. ಇದನ್ನು ಬರಿಯ ಗಾಂಧಿಯ ಗೀಳೆಂದು ನಕ್ಕವರು ಆಗಲೂ ಇದ್ದರು. ಬಟ್ಟೆಗಾಗಿ ವರ್ಷಕ್ಕೆ 60 ಕೋಟಿ ರೂಪಾಯಿ ಹೊರಹೋಗುತ್ತದೆಂದು ಗಾಂಧಿ ಆ ವರ್ಷಗಳಲ್ಲಿ ಪದೇಪದೇ ಲೆಕ್ಕ ಒಪ್ಪಿಸುತ್ತಿದ್ದರು. ಲ್ಯಾಂಕಾಶೈರಿನ ಗಿರಣಿಗೆ ನಾಟುವಷ್ಟು ಲಂಡನ್ನಿನ ಯಾವ ಪತ್ರಿಕೆಯೂ ನಾಟದು ಎಂಬುದು ಅವರ ಎಣಿಕೆ. ಅವರ ಗುರಿ ಬ್ರಿಟಿಷ್ ಸರಕಲ್ಲ, ವಿದೇಶಿ ಬಟ್ಟೆ. ಒಂದು ದೇಶದ ಮೇಲಿನ ಸಿಟ್ಟಿಗಿಂತ ಸ್ವಂತ ಮಗ್ಗದ ಮೇಲಿನ ಕಾಳಜಿ ಮುಖ್ಯವೆಂದು ಅವರು ವಾದಿಸುತ್ತಿದ್ದರು. ಉಪಕರಣವನ್ನು ಗಾಂಧಿ ಹೀಗೆ ಒಂದು ಎಳೆ ನೂಲಿನಷ್ಟು ಸಣ್ಣದು ಮಾಡಿದರು.

ಆದರೆ ಅದೇ ಅಧಿವೇಶನದ ಅಧ್ಯಕ್ಷ ಭಾಷಣದಲ್ಲಿ ವಿಚಾರ ಮಾತ್ರ ಹಿಗ್ಗಿತು. ಜಗತ್ತಿನ ವಿವೇಕಿಗಳು ಬಯಸುತ್ತಿರುವುದು ಒಂದರೊಡನೊಂದು ಕಾದಾಡುವ ಸ್ವತಂತ್ರ ರಾಜ್ಯಗಳನ್ನಲ್ಲ, ಪರಸ್ಪರ ಆತುಕೊಂಡ ಸ್ನೇಹಿತ ರಾಜ್ಯಗಳ ಒಕ್ಕೂಟವನ್ನು ಎಂಬರ್ಥದ ಮಾತನ್ನು ಗಾಂಧಿ ಆಡಿದರು. ಸಾಮ್ರಾಜ್ಯದ ಒಳಗೇ ಸ್ವರಾಜ್ಯಕ್ಕೆ ಯತ್ನಿಸುವೆ, ಬ್ರಿಟನ್ನಿನ ತಪ್ಪಿನಿಂದಲೇ ಸಂಬಂಧ ಕಡಿಯಬೇಕಾಗಿ ಬಂದರೆ ಹಿಂಜರಿಯೆ ಎಂದರು. ವಿಶ್ವಸಂಸ್ಥೆ ಹುಟ್ಟಲು ಇನ್ನೂ 21 ವರ್ಷವಿತ್ತು. ಮಾತು ದೊಡ್ಡದು, ನಿಜ. ಅದನ್ನು ನಡೆಸಲು ಒಂದು ಕಚೇರಿಯನ್ನಾಗಲಿ ಒಬ್ಬ ಗುಮಾಸ್ತನನ್ನಾಗಲಿ ಬೆಳಗಾವಿ ಕೊಡಲಿಲ್ಲ.

ಅದನ್ನು ಕೊಟ್ಟವರು ಮುಂದಿನವರು. 1924ರಲ್ಲಿ ಪೂರ್ವ ಮತ್ತು ದಕ್ಷಿಣ ಆಫ್ರಿಕವನ್ನು ಸುತ್ತಿ ಬಂದಿದ್ದ ಸರೋಜಿನಿ ನಾಯ್ಡು 1925ರ ಕಾನ್ಪುರ ಅಧಿವೇಶನಕ್ಕೆ ಅಧ್ಯಕ್ಷರಾದಾಗ ಹೊರನಾಡಿನ ಭಾರತೀಯರ ಯೋಗಕ್ಷೇಮಕ್ಕೆ ಪ್ರತ್ಯೇಕ ವಿಭಾಗದ ಠರಾವಾಯಿತು. ಬೆಳಗಾವಿಯಲ್ಲಿ ಪ್ರಧಾನ ಕಾರ್ಯದರ್ಶಿಯಾಗಿದ್ದ ಜವಾಹರಲಾಲ್ ನೆಹರೂ 1927ರ ಫೆಬ್ರುವರಿಯಲ್ಲಿ ಬ್ರಸೆಲ್ಸ್‌ನ ಸಾಮ್ರಾಜ್ಯವಿರೋಧಿ ಸಮ್ಮೇಳನಕ್ಕೆ ಕಾಂಗ್ರೆಸ್ ಪ್ರತಿನಿಧಿಯಾಗಿ ಹೋದರು. ಅದೇ ಡಿಸೆಂಬರಿನಲ್ಲಿ, ಅನ್ಸಾರಿಯವರ ಅಧ್ಯಕ್ಷತೆಯ ಮದರಾಸು ಅಧಿವೇಶನ ಪೂರ್ಣ ಸ್ವಾತಂತ್ರ್ಯವೇ ಗುರಿ ಎಂದಿತು. ಅವಸರದ ಠರಾವೆಂದು ಗಾಂಧಿ ಟೀಕಿಸಿದರು. ಎರಡೇ ವರ್ಷಕ್ಕೆ, 1929ರಲ್ಲಿ, ನೆಹರೂ ಅಧ್ಯಕ್ಷರಾದ ಲಾಹೋರಿನಲ್ಲಿ ಪೂರ್ಣ ಸ್ವರಾಜ್ಯದ ಠರಾವನ್ನು ಸ್ವತಃ ಗಾಂಧಿಯೇ ಮಂಡಿಸಿದರು. ಸಾಮ್ರಾಜ್ಯದ ಒಳಗೇ ಎಂಬ ಟಿಳಕವಾಡಿಯ ಮಾತಿನ ಆಯುಷ್ಯ ಐದು ವರ್ಷ. 1936ರಲ್ಲಿ ನೆಹರೂ ಮತ್ತೆ ಅಧ್ಯಕ್ಷರಾದಾಗ ಪಕ್ಷದ ವಿದೇಶಾಂಗ ವಿಭಾಗ ಕಡೆಗೂ ಕೆಲಸ ಆರಂಭಿಸಿತು, ಕಾರ್ಯದರ್ಶಿ ರಾಮಮನೋಹರ ಲೋಹಿಯಾ. ಸುಭಾಷಚಂದ್ರ ಬೋಸರ ಅಧ್ಯಕ್ಷತೆಯ 1938ರಲ್ಲಿ, ಜಪಾನಿನ ದಾಳಿಗೆ ತುತ್ತಾದ ಚೀನಕ್ಕೆ ಐವರು ವೈದ್ಯರು ಹಡಗು ಹತ್ತಿದರು. ಅವರಲ್ಲೊಬ್ಬರು ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್. ಅವರು ಹಿಂತಿರುಗಲಿಲ್ಲ, 1942ರ ಡಿಸೆಂಬರಿನಲ್ಲಿ ಚೀನದಲ್ಲೇ ತೀರಿಕೊಂಡರು.

ಅಧಿವೇಶನದ ಜಾಗದಲ್ಲಿ ಈಗ ವೀರಸೌಧವಿದೆ. ಪಂಪಾ ಸರೋವರವೆಂದರೆ ಅನೇಕರಿಗೆ ಗುರುತು ಹತ್ತದು. ಕಾಂಗ್ರೆಸ್ ಬಾವಿ ಎಂದರೆ ಕೂಡಲೇ ತೋರಿಸುತ್ತಾರೆ. ಹಳಿಯ ಪಕ್ಕದ ಕಾಂಗ್ರೆಸ್ ರಸ್ತೆ, ಊರವರು ಎಣಿಸಿ ಕರೆಯುವ ಫಸ್ಟ್ ಗೇಟ್, ಸೆಕೆಂಡ್ ಗೇಟ್, ಥರ್ಡ್ ಗೇಟ್ ದಾಟಿ ರೈಲುಗಳು ಹೋಗುತ್ತವೆ. ‘ವಿಜಯನಗರ’ ನಿಲ್ದಾಣದ ಕುರುಹಿಲ್ಲ. ಶತಮಾನೋತ್ಸವಕ್ಕಾಗಿ 2024ರ ಡಿಸೆಂಬರ್ 26ರಂದು ಮಲ್ಲಿಕಾರ್ಜುನ ಖರ್ಗೆಯವರ ಅಧ್ಯಕ್ಷತೆಯಲ್ಲಿ ಕಾರ್ಯಕಾರಿ ಸಮಿತಿ ಬೆಳಗಾವಿಯಲ್ಲಿ ಸೇರಿತು. ಅಂದೇ ರಾತ್ರಿ ದೆಹಲಿಯಲ್ಲಿ ಮಾಜಿ ಪ್ರಧಾನಿ ಮನಮೋಹನ ಸಿಂಗ್ ನಿಧನರಾದದ್ದರಿಂದ ಮರುದಿನದ ಸಮಾವೇಶ ರದ್ದಾಗಿ, 2025ರ ಜನವರಿ 21ರಂದು ನಡೆಯಿತು.